ಕಾಣದ ಕೆಲಸಕ್ಕೆ ಸಾಕ್ಷಿ

ಹರಿದ ಬಟ್ಟೆಗೆ ಮಾಡುವ ಒಳ್ಳೆಯ ರಫೂ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ಮಾಸ್ಟರು ಹೇಳುತ್ತಿದ್ದದ್ದು ಒಂದೇ ಮಾತು: "ಮಾಡಿದವನೇ ಮಾರನೇ ದಿನ ಹುಡುಕಿದ್ರೂ ಸಿಗಬಾರ್ದು." ಹೇಳಿ ತಾವೇ ನಗುತ್ತಿದ್ದರು. ಆ ನಗುವಿನೊಳಗೆ ಸಣ್ಣದೊಂದು ಕೊರಗೂ ಇತ್ತೆನ್ನಿ. ಟೈಲರು ಹೊಲಿದ ಕೋಟು ಬೀದಿಯಲ್ಲಿ ಓಡಾಡಿಕೊಂಡು ಟೈಲರಿನ ಹೆಸರು ಹೇಳುತ್ತದೆ. ಬಡಗಿ ಮಾಡಿದ ಕುರ್ಚಿಯ ಮೇಲೆ ನಾಲ್ಕು ಜನ ಕೂತು ಮೆಚ್ಚುತ್ತಾರೆ. ರಫೂ ಮಾಡುವವನ ಹಣೆಬರಹ ಹಾಗಲ್ಲ. ಅವನ ಕೆಲಸ ಕೆಟ್ಟರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಚೆನ್ನಾಗಿ ಆಗಿದ್ದರೆ ಅಲ್ಲಿ ಏನೂ ಆಗಿಯೇ ಇಲ್ಲ.

ಮಾಸ್ಟರು ಕೂರುತ್ತಿದ್ದದ್ದು ಒಂದು ಲಾಂಡ್ರಿ ಅಂಗಡಿಯಲ್ಲಿ, ಬೀದಿಗೆ ಮುಖ ಮಾಡಿದ ಗಾಜಿನ ಪಕ್ಕ. ಹಿಂದೆ ಇಸ್ತ್ರಿ ಮೇಜು, ಅದರಾಚೆ ಬುಸ್ಸೆಂದು ಹಬೆ ಬಿಡುವ ಯಂತ್ರ, ತಲೆಯ ಮೇಲೆ ಕಂಬಿಯುದ್ದಕ್ಕೂ ಪ್ಲಾಸ್ಟಿಕ್ ಹೊದ್ದು ನೇತಾಡುವ ಊರವರ ಕೋಟು, ಪ್ಯಾಂಟು, ಪರದೆಗಳು. ಮಾಸ್ಟರ ಮುಂದೆ ಮೊಳದಗಲದ ಮೇಜು. ಅದರ ಮೇಲೆ ಕತ್ತು ಬಗ್ಗುವ ದೀಪ, ಸೂಜಿ ಚುಚ್ಚಿದ ಪುಟ್ಟ ದಿಂಬು, ಚೂಪು ಮೂತಿಯ ಕತ್ತರಿ. ಕಿಡಿ ಬಿದ್ದು ಸುಟ್ಟ ತೂತು, ಹುಳ ಹೊಡೆದ ತೂತು, ಮೊಳೆಗೆ ಸಿಕ್ಕಿ ಹರಿದದ್ದು, ಎಲ್ಲವೂ ಅವರ ಕೈಗೆ ಬರುತ್ತಿತ್ತು. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ಹಾಸಿನ ಜಾಗಕ್ಕೆ ಹಾಸು, ಹೊಕ್ಕಿನ ಜಾಗಕ್ಕೆ ಹೊಕ್ಕು ಎಂದು ಒಂದೊಂದೇ ನೇಯ್ದು ತೂತನ್ನು ತುಂಬುವುದು. ಮಗ್ಗ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುವುದನ್ನು ಸೂಜಿ ಹಿಡಿದು ಅರ್ಧ ದಿನ ಕೂತು ಮಾಡುವ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಅಂಗಡಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಯಜಮಾನರಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರಿಗೂ ಅವರು ರಫೂ ಮಾಸ್ಟರು.

ಕಸುಬು ಕಲಿಸಿದವರು ಹೆಣ್ಣು ಕೊಟ್ಟ ಮಾವ. ಮೊದಲು ಸೂಜಿ ಕೊಟ್ಟರು, ಕೈ ಕುದುರಿದೆ ಎಂದು ಖಾತ್ರಿಯಾದ ಮೇಲೆ ಮಗಳನ್ನು ಕೊಟ್ಟರು. ಆ ಮಗಳು ಅಪ್ಪನ ಮೇಜಿನ ಕೆಳಗೆ ಉದುರಿದ ಎಳೆಗಳ ಜೊತೆ ಆಡಿ ಬೆಳೆದವಳು. ತಾನು ಸೂಜಿ ಹಿಡಿಯಲಿಲ್ಲ. ಆಸ್ಪತ್ರೆಯೊಂದರ ಕೌಂಟರಿನಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದಳು. ಆದರೆ ಎಂಥದೇ ಬಟ್ಟೆ ಕೊಡಿ, ಒಳಬದಿ ತಿರುವಿ ಹೆಬ್ಬೆರಳಾಡಿಸಿ, "ಇದು ಅಪ್ಪಂದು, ಇದು ನಿಮ್ದು" ಎಂದು ಹೇಳಿಬಿಡುತ್ತಿದ್ದಳು. ಅಪ್ಪನದು ಬಿಗಿ ಕೈ, ಗಂಡನದು ಹಗುರ ಕೈ. ಮದುವೆಯ ಹೊಸತರಲ್ಲಿ ಮಾಸ್ಟರಿಗೆ ಇದು ಪರೀಕ್ಷೆಗೆ ಕೂತಂತೆ ಅನಿಸುತ್ತಿತ್ತು. ಬರುಬರುತ್ತ ಅದೇ ಬಹುಮಾನವಾಯಿತು. ಇಡೀ ಲೋಕದಲ್ಲಿ ಒಬ್ಬಳಿಗಾದರೂ ತಮ್ಮ ಕೈ ಯಾವುದೆಂದು ಗೊತ್ತಿದೆಯಲ್ಲ. ಅಷ್ಟರಲ್ಲೇ ಸುಖವಾಗಿದ್ದರು.

ಸುಖವಾಗಿರುವವರನ್ನು ನೆಂಟರು ಹಾಗೇ ಬಿಡುವುದುಂಟೇ? ಒಂದು ಭಾನುವಾರ ಮಾಸ್ಟರ ಅಕ್ಕನ ಮಗಳು ಬಂದಳು. ಮಾವ ರಫೂ ಮಾಡಿದ ಪ್ಯಾಂಟನ್ನು ಹಿಂದೆ ಮುಂದೆ ತಿರುಗಿಸಿ ಬೆರಗಾಗಿ, "ಮಾವ, ಇದನ್ನ ಯಾರೂ ನೋಡೋದೇ ಇಲ್ವಲ್ಲ. ಮಾಡೋಕೆ ಮುಂಚೆ ಒಂದು ಫೋಟೋ, ಮಾಡಾದ್ಮೇಲೆ ಒಂದು ಫೋಟೋ, ಅಷ್ಟು ಹಾಕಿ ಸಾಕು" ಎಂದಳು. ಅವರ ಫೋನಿನಲ್ಲಿ 'ಸೂಜಿ ದಾರ ಬಳಗ' ಎಂಬ ಗುಂಪು ತೆರೆದು, ಮಾವನನ್ನೇ ಅದಕ್ಕೆ ಮುಖ್ಯಸ್ಥರನ್ನಾಗಿ ಕೂರಿಸಿ, ಫೋಟೋ ಹಾಕುವುದು, ಉತ್ತರ ಬರೆಯುವುದು ಎಲ್ಲ ಹೇಳಿಕೊಟ್ಟಳು. "ಯಾರಾದ್ರೂ ಕಿರಿಕಿರಿ ಮಾಡಿದ್ರೆ ಇದನ್ನ ಒತ್ತಿ, ಹೊರಗೆ ಹೋಗ್ತಾರೆ" ಎಂದು ಒಂದು ಗುಂಡಿಯನ್ನೂ ತೋರಿಸಿದಳು. ಮಾಸ್ಟರಿಗೆ ಅದು ಹಿಡಿಸಲಿಲ್ಲ. "ಬಂದವ್ರನ್ನ ಹೊರಗೆ ದಬ್ಬೋದಾ? ಅದೆಲ್ಲ ನಮಗ್ಯಾಕಮ್ಮ" ಎಂದರು.

ಬಳಗ ಬೆಳೆಯಿತು. ಮನೆಯಲ್ಲಿ ಕೂತು ಹೊಲಿಯುವ ಹೆಂಗಸರು, ಕಸೂತಿಯವರು, ಹೆಣಿಗೆಯವರು, ಹಳೇ ಬಟ್ಟೆ ಎಸೆಯಲು ಮನಸ್ಸು ಬಾರದವರು, ಎಲ್ಲೆಲ್ಲಿಂದಲೋ ಬಂದು ಸೇರಿದರು. ಮಾಸ್ಟರು ಫೋಟೋ ಹಾಕಿದರೆ ಸಾಕು, ತೂತು ಎಲ್ಲಿತ್ತು ಎಂದು ಎಲ್ಲರೂ ಹುಡುಕುವುದು, ಸೋಲುವುದು, ಹೊಗಳುವುದು. ಹೊಗಳಿಕೆ ಯಾರಿಗೆ ಬೇಡ? ಬೇಡ ಎನ್ನುವವರು ಇನ್ನೊಂದು ಸಲ ಕೇಳೋಣವೆಂದು ಬೇಡ ಎನ್ನುತ್ತಾರೆ. ಅಷ್ಟು ವರ್ಷ ಎಲೆಮರೆಯ ಕಾಯಿಯಂತೆ ಇದ್ದ ಮನುಷ್ಯ, ಮಧ್ಯಾಹ್ನ ಡಬ್ಬಿ ಬಿಚ್ಚುವ ಮೊದಲು ಫೋನು ಬಿಚ್ಚತೊಡಗಿದರು. ಹೆಂಡತಿ ತಮಾಷೆ ಮಾಡುತ್ತಿದ್ದಳು: "ಊಟ ಆಯ್ತಾ, ಇಲ್ಲ ಹೊಗಳಿಕೇಲೇ ಹೊಟ್ಟೆ ತುಂಬ್ತಾ?"

ಬಳಗದಲ್ಲಿ ಒಬ್ಬರು ಹೆಣಿಗೆ ಟೀಚರು ಇದ್ದರು. ಬೇರೆ ಊರಿನವರು, ನಿವೃತ್ತಿಯಾದವರು, ಮಾಸ್ಟರಿಗಿಂತ ದೊಡ್ಡವರು. ಮೊದಲ ದಿನದಿಂದಲೇ ಮಾಸ್ಟರನ್ನು ತಮ್ಮಾ ಎಂದು ಕರೆದರು. ಅವರದು ಯಾವಾಗಲೂ ಎದುರುಮಾತು. "ತಮ್ಮಾ, ಹರಿದದ್ದನ್ನ ಯಾಕೆ ಮುಚ್ಚಿಡ್ಬೇಕು? ಬೇರೆ ಬಣ್ಣದ ದಾರದಲ್ಲೇ ಹೊಲೀರಿ. ಬಟ್ಟೆಗೂ ವಯಸ್ಸಾಗಿದೆ ಅಂತ ಜನಕ್ಕೆ ಗೊತ್ತಾಗ್ಲಿ" ಎಂದು ಬರೆಯುತ್ತಿದ್ದರು. ಮಾಸ್ಟರು, "ಟೀಚರಮ್ಮ, ಹಾಗಾದ್ರೆ ನಾನು ಅಂಗಡಿ ಬಾಗಿಲು ಹಾಕ್ಕೊಂಡು ಹೋಗ್ಬೇಕಾಗುತ್ತೆ" ಎನ್ನುತ್ತಿದ್ದರು. ಇಬ್ಬರೂ ಒಂದು ವಾರ ಇದನ್ನೇ ಎಳೆದಾಡುತ್ತಿದ್ದರು, ಒಬ್ಬರೂ ಸೋಲುತ್ತಿರಲಿಲ್ಲ, ಒಬ್ಬರ ಮನಸ್ಸೂ ಮುರಿಯುತ್ತಿರಲಿಲ್ಲ. ಮಾಸ್ಟರು ಇಸ್ತ್ರಿಯವನಿಗೂ ಆ ಜಗಳವನ್ನು ಓದಿ ಹೇಳುತ್ತಿದ್ದರು.

ಆಮೇಲೆ ಬಂದವನು ಭೂತಕನ್ನಡಿ.

ಅದು ಅವನು ಇಟ್ಟುಕೊಂಡ ಹೆಸರು. ಗಂಡೋ ಹೆಣ್ಣೋ, ಮುದುಕನೋ ಹುಡುಗನೋ ಯಾರಿಗೆ ಗೊತ್ತು. ಮುಖದ ಜಾಗದಲ್ಲಿ ಒಂದು ಬೆಕ್ಕಿನ ಚಿತ್ರವಿತ್ತು. ಬೂದು ಬಣ್ಣದ ಕೋಟಿನ ಫೋಟೋ ಕೆಳಗೆ ಅವನು ಬರೆದ: "ಮೊದಲನೇ ಬಟ್ಟೆ ಬೇರೆ, ಎರಡನೇ ಬಟ್ಟೆ ಬೇರೆ. ಯಾರನ್ನ ಮಂಗ ಮಾಡ್ತಿದೀರಾ?"

ಮಾಸ್ಟರು ಅದನ್ನು ಓದಿ ಮೊದಲು ನಕ್ಕರು. ಎರಡನೇ ಸಲ ಓದಿದಾಗ ನಗು ಬರಲಿಲ್ಲ. ಇಸ್ತ್ರಿಯವನ ಕೈಯಲ್ಲಿ ಓದಿಸಿದರು, ತಾವು ತಪ್ಪು ತಿಳಿದುಕೊಂಡಿರಬಹುದೆಂದು. ತಪ್ಪೇನೂ ತಿಳಿದಿರಲಿಲ್ಲ. ಅವರು ತಾಳ್ಮೆಯಿಂದ ಉತ್ತರ ಬರೆದರು, ಎಳೆ ಎಲ್ಲಿಂದ ತೆಗೆಯುತ್ತೇವೆ, ಹೇಗೆ ನೇಯುತ್ತೇವೆ ಎಂದೆಲ್ಲ, ಪಾಠ ಮಾಡಿದ ಹಾಗೆ. ಅವನು ಒಂದೇ ಸಾಲು ಬರೆದ: "ಇಷ್ಟುದ್ದ ವಿವರಣೆ ಕೊಡೋನು ಸಾಚಾ ಆಗಿರೋದು ನಾನು ನೋಡಿಲ್ಲ."

ಇಂಥವನಿಗೆ ಏನು ಹೇಳುತ್ತೀರಿ? ಸುಮ್ಮನಿದ್ದರೆ ಸಿಕ್ಕಿಬಿದ್ದ ಎನ್ನುತ್ತಾನೆ, ಮಾತಾಡಿದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾನೆ. ಮಾಸ್ಟರ ಕಷ್ಟ ಇನ್ನೂ ಒಂದು ಕೈ ಮೇಲೆ. ಬೇರೆ ಯಾರೇ ಆಗಿದ್ದರೂ ಇಗೋ ನನ್ನ ಕೆಲಸ ಎಂದು ತೋರಿಸಬಹುದಿತ್ತು. ಇವರು ಏನನ್ನು ತೋರಿಸಬೇಕು? ಕೆಲಸ ಎಷ್ಟು ಚೆನ್ನಾಗಿತ್ತೋ ಸಾಕ್ಷಿ ಅಷ್ಟು ಕಡಿಮೆ. ಈ ಕೈ ನಿಜವಾಗಿಯೂ ಇದನ್ನು ಮಾಡಿತು ಎಂದು ಜನ ನಂಬಬೇಕು. ಮಾಸ್ಟರಿಗೆ ಬೇಕಾಗಿದ್ದದ್ದು ಅಷ್ಟೇ. ಅಲ್ಲಿಯವರೆಗೆ ಅದು ಬೇಕೆಂದು ಅವರಿಗೇ ಗೊತ್ತಿರಲಿಲ್ಲ. ಈಗ ಅದಿಲ್ಲದೆ ಅನ್ನ ಇಳಿಯದಂತಾಯಿತು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ. ನಿನ್ನೆಯವರೆಗೆ ಕೈ ಮುಗಿಯುತ್ತಿದ್ದ ಕೆಲವರು, "ನನಗೂ ಒಂದು ಸಲ ಹಾಗನ್ನಿಸಿತ್ತು" ಎಂದು ಶುರು ಮಾಡಿದರು. ಒಬ್ಬಾಕೆ ಎರಡು ಫೋಟೋಗಳ ಗುಂಡಿಗಳನ್ನು ಹೋಲಿಸಿ ಗೆರೆ ಎಳೆದು ಹಾಕಿದಳು. ಇನ್ನೊಬ್ಬ ಅದಕ್ಕೆ ಒಗ್ಗರಣೆ ಹಾಕಿದ. ಲಾಂಡ್ರಿ ಯಜಮಾನರು ಮಾಸ್ಟರ ಮುಖ ನೋಡಿ, "ಬಿಡಿ ಮಾಸ್ಟ್ರೇ. ನಾಯಿ ಬೊಗಳಿದ್ರೆ ಆನೆ ತಿರುಗಿ ನೋಡುತ್ತಾ?" ಎಂದರು. ಮಾಸ್ಟರು ಹೌದೆಂದು ತಲೆಯಾಡಿಸಿ, ಯಜಮಾನರು ಅತ್ತ ತಿರುಗಿದ್ದೇ ಫೋನು ತೆಗೆದರು. ಆನೆಗೆ ಫೋನು ಇಲ್ಲ, ಅದಕ್ಕೇ ತಿರುಗಿ ನೋಡುವುದಿಲ್ಲ.

"ಅವನನ್ನ ತೆಗೆದುಹಾಕಿ ಮಾವ" ಎಂದು ಅಕ್ಕನ ಮಗಳು ಎಷ್ಟು ಹೇಳಿದರೂ ಕೇಳಲಿಲ್ಲ. "ತೆಗೆದ್ರೆ ಏನಂತಾರೆ? ಉತ್ತರ ಇಲ್ದೆ ಓಡಿಸ್ದ ಅಂತಾರೆ. ಅವನು ಇರ್ಲಿ. ಅವನ ಬಾಯಿಂದಾನೇ ಹೌದು ಅನ್ನಿಸ್ತೀನಿ." ಹೀಗೆ ಎಂದೂ ಮುಖ ಕಾಣದ ಒಬ್ಬ ಬೆಕ್ಕಿನ ಬಾಯಿಯ 'ಹೌದು' ಮಾಸ್ಟರಿಗೆ ಹೆಂಡತಿಯ ಹೆಬ್ಬೆರಳಿಗಿಂತ ದೊಡ್ಡದಾಯಿತು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಅವರು ಕೆಲಸ ಮಾಡುವುದನ್ನು ವಿಡಿಯೋ ಮಾಡಿ ಹಾಕಿದರು. "ಮಧ್ಯೆ ಕತ್ತರಿಸಿ ಜೋಡಿಸಿದ್ದಾರೆ" ಎಂದ ಭೂತಕನ್ನಡಿ. ತಮ್ಮದೇ ಹಳೇ ಅಂಗಿಗೆ ತೂತು ಮಾಡಿ ಮುಚ್ಚಿ ತೋರಿಸಿದರು. "ಒರಟು ಬಟ್ಟೆ, ಅದನ್ನ ಯಾರು ಬೇಕಾದ್ರೂ ಮಾಡ್ತಾರೆ" ಎಂದ. ಒಂದೊಂದು ಉತ್ತರಕ್ಕೂ ಮಾಸ್ಟರು ಇನ್ನಷ್ಟು ಹೊತ್ತು ಫೋನಿನ ಮುಂದೆ ಕೂತರು. ಗಿರಾಕಿಗಳ ಬಟ್ಟೆ ಕಂಬಿಯ ಮೇಲೆ ಸಾಲುಗಟ್ಟಿತು. ಸೂಜಿಗೆ ದಾರ ಹೋಗುವುದೂ ತಡವಾಗತೊಡಗಿತ್ತು. ದೀಪ ಮಂಕಾಗಿದೆ ಎಂದು ಯಜಮಾನರಿಗೆ ಹೇಳಿ ಬಲ್ಬು ಬದಲಾಯಿಸಿಕೊಂಡರು. ಹೊಸ ಬಲ್ಬೂ ಮಂಕಾಗಿಯೇ ಇತ್ತು. ಈಗಿನ ಕಾಲದ ಬಲ್ಬು, ಈಗಿನ ಕಾಲದ ದಾರ ಎಂದು ಎರಡನ್ನೂ ಬೈದುಕೊಂಡರು.

ಒಂದು ದಿನ ಗಿರಾಕಿಯೊಬ್ಬರು ತಮ್ಮ ಪ್ಯಾಂಟನ್ನು ಬೆಳಕಿಗೆ ಹಿಡಿದು, "ಮಾಸ್ಟ್ರೇ, ಇಲ್ಲಿ ಒಂಚೂರು ಗೊತ್ತಾಗ್ತಿದೆ ಅಲ್ವಾ?" ಎಂದರು. ಮೆತ್ತಗೆ, ಸಂಕೋಚದಿಂದಲೇ ಕೇಳಿದ್ದು. ಮಾಸ್ಟರ ಮುಖ ಕೆಂಪಾಯಿತು. "ನೀವೂ ಅದನ್ನ ಓದ್ಕೊಂಡೇ ಬಂದಿದೀರಾ?" ಎಂದುಬಿಟ್ಟರು. ಗಿರಾಕಿಗೆ ಏನು ಓದುವುದು, ಎಲ್ಲಿ ಓದುವುದು, ಒಂದೂ ತಿಳಿಯಲಿಲ್ಲ. ಯಜಮಾನರು ಮಧ್ಯೆ ಬಂದು ಸಮಾಧಾನ ಹೇಳಿ ಕಳಿಸಿದರು. ಆ ಗಿರಾಕಿ ಮತ್ತೆ ಆ ಕಡೆ ಬರಲಿಲ್ಲ.

ಅದೇ ವಾರ ಹೆಣಿಗೆ ಟೀಚರು ಬರೆದರು. ಎಲ್ಲರೆದುರು ಬರೆಯಲಿಲ್ಲ, ಮಾಸ್ಟರೊಬ್ಬರೇ ಓದುವ ಹಾಗೆ ಕಳಿಸಿದರು. "ತಮ್ಮಾ, ಅವನು ಹೇಳೋದು ಸುಳ್ಳು. ಅದು ನಿಮ್ಮ ಕೈಯೇ ಅಂತ ನಂಗೆ ಗೊತ್ತು. ಆದ್ರೆ ಮೊನ್ನೆ ಹಾಕಿದ ಕಪ್ಪು ಪ್ಯಾಂಟು ದೊಡ್ಡದು ಮಾಡಿ ನೋಡಿದೆ. ಓರೆ ನೇಯ್ಗೆಯಲ್ಲಿ ಗೆರೆ ಮುರಿದಿದೆ, ಎಳೆ ಹಾರಿದೆ. ಮೊದಲು ನೀವು ಹೀಗೆ ಮಾಡ್ತಿರ್ಲಿಲ್ಲ. ತಪ್ಪು ತಿಳೀಬೇಡಿ, ಒಂದು ಸಲ ಕಣ್ಣು ತೋರಿಸ್ಕೊಳ್ಳಿ. ನಂಗೂ ಹೀಗೇ ಆಗಿತ್ತು."

ಇದಕ್ಕಿಂತ ಒಳ್ಳೆಯ ಮಾತನ್ನು ಆ ಬಳಗದಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಆದರೆ ಮೈತುಂಬ ಗಾಯವಾದವನಿಗೆ ಎಣ್ಣೆ ಹಚ್ಚುವ ಕೈಯೂ ಉರಿಸುತ್ತದೆ. ಮಾಸ್ಟರು ಓದಿದ್ದು 'ಗೆರೆ ಮುರಿದಿದೆ' ಎಂಬುದನ್ನು ಮಾತ್ರ. ಸರಿ, ಇವರೂ ಆ ಕಡೆ ಸೇರಿಕೊಂಡರು ಎಂದುಕೊಂಡರು. ಮೊದಲಿಂದಲೂ ಎದುರುಮಾತಿನ ಹೆಂಗಸು. ಮುಚ್ಚಿದ್ದು ಕಾಣಲಿ ಎನ್ನುತ್ತಿದ್ದವರು, ಈಗ ಕಾಣುತ್ತಿದೆ ಎನ್ನುತ್ತಿದ್ದಾರೆ. ಇನ್ನೇನು ಬೇಕು? ಅಕ್ಕನ ಮಗಳು ತೋರಿಸಿದ್ದ ಗುಂಡಿಯನ್ನು ಹುಡುಕಿ, ಮೊಟ್ಟಮೊದಲ ಸಲ ಒತ್ತಿದರು. ಟೀಚರು ಹೊರಗೆ ಹೋದರು.

ಮೊದಲನೆಯದೇ ಕಷ್ಟ. ಆಮೇಲೆ ಕೈ ಪಳಗಿತು. ನೂಲಿನ ಬಣ್ಣ ಸ್ವಲ್ಪ ತಿಳಿಯಾಯಿತೇನೋ ಎಂದವರು ಹೊರಗೆ. ಬೇರೆ ಥರ ಮಾಡಬಹುದಿತ್ತಲ್ಲ ಎಂದವರು ಹೊರಗೆ. ಜಗಳ ಸಾಕು, ಹೊಲಿಗೆ ಮಾತಾಡೋಣ ಎಂದವರೂ ಹೊರಗೆ. ಬಾಗಿಲಲ್ಲಿ ನಿಂತು ಬೊಗಳುವುದನ್ನು ಹಾಗೇ ಬಿಟ್ಟು, ಒಳಗೆ ಕೂತಿದ್ದ ನೆಂಟರನ್ನೆಲ್ಲ ಕುತ್ತಿಗೆ ಹಿಡಿದು ನೂಕಿದ ಹಾಗಾಯಿತು. ಉಳಿದವರು ಏನು ಹಾಕಿದರೂ ಕೈ ಮುಗಿಯುವವರು, ಮತ್ತು ಭೂತಕನ್ನಡಿ.

ಅವನ ಕೊನೆಯ ಸವಾಲು ಬಂತು: "ನಿಜವಾಗ್ಲೂ ಕೈ ಇದ್ರೆ ಒಳ್ಳೇ ಉಣ್ಣೆ ಬಟ್ಟೆ ಮೇಲೆ ಮಾಡಿ. ಗಾಢ ಬಣ್ಣ ಇರ್ಬೇಕು. ಎಲ್ಲರೆದುರು, ನೇರ ವಿಡಿಯೋದಲ್ಲಿ, ಕತ್ತರಿಸೋದ್ರಿಂದ ಹಿಡಿದು ಕೊನೇವರೆಗೂ. ಆಗದಿದ್ರೆ ಬಾಯಿ ಮುಚ್ಕೊಂಡಿರಿ."

ಒಳ್ಳೆಯ ಉಣ್ಣೆ ಬಟ್ಟೆ ಮಾಸ್ಟರ ಮನೆಯಲ್ಲಿದ್ದದ್ದು ಒಂದೇ. ಹೆಂಡತಿಯ ಕೋಟು. ಕಡುನೀಲಿ ಬಣ್ಣ, ಓರೆ ನೇಯ್ಗೆ, ಮುಟ್ಟಿದರೆ ಬೆಣ್ಣೆ. ಆಕೆ ಕೆಲಸಕ್ಕೆ ಸೇರಿದಾಗ ಅವಳ ಅಪ್ಪ ಬಟ್ಟೆ ಆರಿಸಿ ಹೊಲಿಸಿಕೊಟ್ಟದ್ದು. ಚಳಿಗಾಲ ಪೂರ್ತಿ ಅದನ್ನೇ ಹಾಕಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದಳು. ಬೇಸಗೆಯಲ್ಲಿ ಬಟ್ಟೆಯ ಚೀಲದೊಳಗೆ ಮಲಗಿಸಿಟ್ಟು ನಡುನಡುವೆ ತೆಗೆದು ಗಾಳಿಗೆ ಹರವುತ್ತಿದ್ದಳು. ಅಪ್ಪ ಹೋದ ಮೇಲೆ ಆ ಕೋಟಿನ ಬಗ್ಗೆ ಅವಳು ಬಾಯಿಬಿಟ್ಟು ಏನೂ ಹೇಳಿದ್ದಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಬೇರೆ ಯಾರೇ ಆಗಿದ್ದರೂ ಆ ಕೋಟಿಗೆ ಕತ್ತರಿ ಹಾಕುವ ಮೊದಲು ನೂರು ಸಲ ಯೋಚಿಸುತ್ತಿದ್ದರು. ರಫೂ ಮಾಡುವವನ ಯೋಚನೆಯೇ ಬೇರೆ. ಮುಚ್ಚುವುದು ಗೊತ್ತಿದ್ದವನಿಗೆ ತೂತು ಮಾಡುವುದು ಹಾನಿ ಎಂದೇ ಅನಿಸುವುದಿಲ್ಲ. ಸಂಜೆಯೊಳಗೆ ಅಲ್ಲಿ ಏನೂ ಆಗಿರುವುದಿಲ್ಲವಲ್ಲ. ಅವಳಿಗೆ ಗೊತ್ತೇ ಆಗುವುದಿಲ್ಲ, ಗೊತ್ತಾಗದ್ದಕ್ಕೆ ಬೇಸರ ಎಲ್ಲಿಂದ? ಹೀಗೆ ಮಾಸ್ಟರು ತಮಗೆ ತಾವೇ ಹೇಳಿಕೊಂಡರು. ಕಳ್ಳನಿಗೊಂದು ಪಿಳ್ಳೆ ನೆವ.

ಲಾಂಡ್ರಿಗೆ ರಜೆಯಿದ್ದ ದಿನ, ಆಕೆ ಹಗಲು ಪಾಳಿಗೆ ಹೋದ ಮೇಲೆ, ಕಿಟಕಿಯ ಬಳಿ ಮೇಜು ಎಳೆದುಕೊಂಡರು. ಅಡುಗೆಮನೆಯ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಫೋನು ಒರಗಿಸಿದರು. ಜನ ಸೇರಿದರು. ಮಾಸ್ಟರು ಕೋಟನ್ನು ಎದೆಯ ಭಾಗ ಮೇಲೆ ಬರುವಂತೆ ಹರಡಿ, ಬೆರಳ ಉಗುರಿನಷ್ಟು ಜಾಗವನ್ನು ಕತ್ತರಿಯಲ್ಲಿ ಕಚ್ಚಿ ತೆಗೆದರು. ಕ್ಯಾಮೆರಾ ನೋಡುತ್ತಿತ್ತು, ಮುಖ ಬದಲಾಗದ ಹಾಗೆ ಕೂತರು.

ಕಡುನೀಲಿ ಎಳೆ ಕಡುನೀಲಿ ಬಟ್ಟೆಯೊಳಗೆ ಹೋಗಬೇಕು. ಎರಡು ಎಳೆಯ ಮೇಲೆ, ಎರಡು ಎಳೆಯ ಕೆಳಗೆ, ಪ್ರತಿ ಸಾಲಿಗೂ ಒಂದೊಂದೇ ಎಳೆ ಪಕ್ಕಕ್ಕೆ ಸರಿಯಬೇಕು. ಆಗ ಓರೆಗೆರೆ ಕೂಡುತ್ತದೆ. ಮಾಸ್ಟರು ಇದನ್ನು ಕಣ್ಣು ಕಟ್ಟಿದರೂ ಮಾಡುತ್ತೇನೆ ಎನ್ನುತ್ತಿದ್ದವರು. ದಾರ ಪೋಣಿಸುವುದು ಬಹಳ ಹೊತ್ತು ಹಿಡಿಯಿತು. ಎಳೆಗಳು ಒಂದರೊಳಗೊಂದು ಕರಗಿದ ಹಾಗೆ ಕಂಡವು. ಮೋಡ ಕವಿದಿದೆ ಎಂದುಕೊಂಡರು. ಕೈಗೆ ಅಭ್ಯಾಸವಿತ್ತು, ಕೈಯನ್ನೇ ನಂಬಿ ನೇಯ್ದರು. ಸಂಜೆಯ ಹೊತ್ತಿಗೆ ಮುಗಿಸಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ, ಕೋಟನ್ನು ಎತ್ತಿ ಹಿಡಿದು ತಾವೇ ಕಣ್ಣಾಡಿಸಿ ಹುಡುಕಿದರು. ಸಿಗಲಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ. ಬಹಳ ದಿನಗಳ ಮೇಲೆ ಅವರ ಮುಖ ಅರಳಿತು. ಬಳಗದ ತುಂಬ ಕೈ ಮುಗಿಯುವ ಚಿತ್ರಗಳು ಸುರಿದವು. 'ಮಾಸ್ಟರ ಕೈಗೆ ಸಾಟಿಯಿಲ್ಲ', 'ಇನ್ನಾದರೂ ಬಾಯಿ ಮುಚ್ಚಲಿ' ಎಂದು ಒಬ್ಬರಿಗಿಂತ ಒಬ್ಬರು ಬರೆದರು. ಏನೋ ಕಾಣುತ್ತಿದೆ ಎನ್ನುವಂಥವರು ಅಲ್ಲಿ ಯಾರೂ ಉಳಿದಿರಲಿಲ್ಲ.

ಭೂತಕನ್ನಡಿ ಮಾತ್ರ ಬರಲಿಲ್ಲ. ಮಾಸ್ಟರು ಆ ದಿನ ಕಾದರು, ಮಾರನೇ ದಿನ ಕಾದರು, ಸವಾಲಿನ ಕೆಳಗೆ ಅವನ ಹೆಸರು ಹಾಕಿ ಕರೆದರು. ಕೊನೆಗೆ ಅಕ್ಕನ ಮಗಳು ಹುಡುಕಿ ಹೇಳಿದಳು: ಅವನು ಗಿಳಿ ಸಾಕುವವರ ಗುಂಪಿಗೆ ಹೋಗಿ, ನಿಮ್ಮ ಗಿಳಿ ಮಾತಾಡುವುದೆಲ್ಲ ಸುಳ್ಳು, ಹಿಂದಿನಿಂದ ನೀವೇ ಮಾತಾಡುತ್ತೀರಿ ಎಂದು ಅವರ ಪ್ರಾಣ ತಿನ್ನುತ್ತಿದ್ದಾನೆ. ಇಲ್ಲಿ ಒಂದು ಕೋಟು ಕತ್ತರಿಸಿದ್ದು ಅವನಿಗೆ ಗೊತ್ತೂ ಇರಲಿಲ್ಲ. ಮಾಸ್ಟರು "ಹೌದಾ" ಎಂದರು.

ಚಳಿ ಶುರುವಾದ ಮೊದಲ ಬೆಳಿಗ್ಗೆ ಹೆಂಡತಿ ಕೋಟು ತೆಗೆದಳು. ಮಾಸ್ಟರು ಚಹಾ ಕುಡಿಯುತ್ತ ಕೂತಿದ್ದರು. ಆಕೆ ತೋಳು ತೂರಿಸಿ, ಗುಂಡಿ ಹಾಕಿಕೊಂಡು, ಬಾಗಿಲು ತೆರೆದು ಬೆಳಕಿಗೆ ಕಾಲಿಟ್ಟವಳು ಅಲ್ಲೇ ನಿಂತಳು. ಕತ್ತು ಬಗ್ಗಿಸಿ ಎದೆಯ ಮೇಲೆ ನೋಡಿಕೊಂಡಳು. ಕೋಟು ಬಿಚ್ಚಿ, ಒಳಗೆ ಬಂದು, ತಿರುವಿ, ಹೆಬ್ಬೆರಳಾಡಿಸಿದಳು.

"ರೀ, ಇದನ್ನ ಹಬೆ ಹಿಡಿಸೋಕೆ ಅಂತ ಅಂಗಡಿಗೆ ಒಯ್ದಿದ್ರಾ?"

"ಯಾಕೆ?"

"ಯಾರೋ ಎಲ್ಲೋ ಸಿಕ್ಕಿಸಿ ಹರಿದಿದ್ದಾರೆ. ನಿಮಗೆ ಹೇಳಿದ್ರೆ ಬೈತೀರ ಅಂತ ಯಾರ ಕೈಲೋ ರಫೂ ಮಾಡ್ಸಿ ಇಟ್ಟಿದ್ದಾರೆ. ಎಂಥ ಕೆಲಸ ಇದು, ಗೆರೆಗೆ ಗೆರೆ ಕೂಡಿಲ್ಲ. ಒಳಗಡೆ ಎಲ್ಲ ಗಂಟು ಗಂಟು." ಆಕೆ ಮತ್ತೆ ಮತ್ತೆ ಆ ಜಾಗವನ್ನೇ ಸವರಿದಳು. "ಅಪ್ಪ ಕೊಟ್ಟಿದ್ದು ಅಂತ ನಿಮಗೆ ಗೊತ್ತಿತ್ತಲ್ಲ. ಒಯ್ಯೋಕೆ ಮುಂಚೆ ಒಂದು ಮಾತು ನಂಗೆ ಹೇಳ್ಬಾರ್ದಿತ್ತಾ?"

ಮಾಸ್ಟರು ಎದ್ದು ಬಂದು ಕೋಟನ್ನು ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಅವರಿಗೆ ಕಂಡದ್ದು ಕಡುನೀಲಿ ಬಟ್ಟೆ, ಅಷ್ಟೇ. "ಎಲ್ಲಿ?" ಎಂದರು.

ಆಕೆ ಗಂಡನ ಬೆರಳು ಹಿಡಿದು ಆ ಜಾಗದ ಮೇಲೆ ಇಟ್ಟಳು. ಬೆರಳಿಗೆ ತಕ್ಷಣ ಗೊತ್ತಾಯಿತು. ಉಬ್ಬು, ತಗ್ಗು, ಹಾರಿದ ಎಳೆ. ಹೊಸದಾಗಿ ಕಲಿಯುವವನ ಕೆಲಸವೂ ಇಷ್ಟು ಕೆಟ್ಟದಾಗಿರುವುದಿಲ್ಲ. ಮಾಸ್ಟರಿಗೆ ಆ ಕಪ್ಪು ಪ್ಯಾಂಟು, ಮೆತ್ತಗೆ ಮಾತಾಡಿದ ಗಿರಾಕಿ, ಮಂಕಾದ ಬಲ್ಬು ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು.

"ನಂದೇ" ಎಂದರು.

"ಏನು ನಿಮ್ದು?"

"ಆ ರಫೂ. ನಾನೇ ಮಾಡಿದ್ದು."

"ಸುಮ್ನಿರಿ. ನಿಮ್ಮ ಕೈ ನಂಗೊತ್ತಿಲ್ವಾ? ಯಾರನ್ನ ಉಳಿಸೋಕೆ ಈ ಮಾತು? ಆ ಇಸ್ತ್ರಿಯವನನ್ನಾ?"

ಅವರು ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ಮೂವತ್ತು ವರ್ಷ ಜೊತೆಗೆ ಬಾಳಿದವಳು, ಅವರ ಕೈಯ ಬಗ್ಗೆ ಅವರ ಮಾತನ್ನೇ ನಂಬಲಿಲ್ಲ. ಬೇರೆ ದಾರಿ ಕಾಣದೆ ಮಾಸ್ಟರು ಫೋನು ತೆಗೆದು ಆ ವಿಡಿಯೋ ಹಾಕಿ ಕೊಟ್ಟರು.

ಆಕೆ ನಿಂತೇ ನೋಡಿದಳು. ಕತ್ತರಿ ಕಚ್ಚಿದಾಗ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಮಾಸ್ಟರು ಸೂಜಿಗೆ ದಾರ ಪೋಣಿಸುವುದು ಬಂತು. ತಪ್ಪಿತು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಮತ್ತೆ ಹಿಡಿದರು, ತಪ್ಪಿತು. ಸೂಜಿ ಒಂದು ಕಡೆ, ದಾರ ಇನ್ನೊಂದು ಕಡೆ. ತಪ್ಪಿತು. ಕೆಳಗಡೆ ಕೈ ಮುಗಿಯುವ ಚಿತ್ರಗಳು ಸಾಲಾಗಿ ಹರಿದುಹೋಗುತ್ತಿದ್ದವು. ಆಕೆ ವಿಡಿಯೋವನ್ನು ಕೊನೆಯವರೆಗೆ ನೋಡಲಿಲ್ಲ. ಫೋನನ್ನು ಕೋಟಿನ ಮೇಲಿಟ್ಟು ಗಂಡನ ಪಕ್ಕ ಕೂತಳು. ಕೋಟಿನ ಮಾತು ಎತ್ತಲಿಲ್ಲ. ಅವರ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಒಂದು ಕಣ್ಣು ನೋಡಿದಳು, ಇನ್ನೊಂದು ಕಣ್ಣು ನೋಡಿದಳು.

"ಯಾವಾಗಿಂದ ಕಾಣ್ತಿಲ್ಲ ನಿಮಗೆ?"

"ಗೊತ್ತಾಗ್ಲಿಲ್ಲ."

"ಯಾರೂ ಹೇಳ್ಲಿಲ್ವಾ? ಅಷ್ಟೊಂದು ಜನ ನೋಡ್ತಾರಲ್ಲ."

ಮಾಸ್ಟರು ಕೋಟಿನ ಮೇಲಿದ್ದ ಫೋನನ್ನು ಮಗುಚಿಟ್ಟರು.

"ಒಬ್ರು ಹೇಳಿದ್ರು" ಎಂದರು. "ಅವರನ್ನ ಹೊರಗೆ ಹಾಕಿದೆ."